ಹೆಸರುಗಳನ್ನು ಮರೆಗಿಡುವ ಪದ್ಮಾಕ್ಷಿ

ಬೆಳಗಿನ ಐದೂ ಇಪ್ಪತ್ತು. ಕೊಯಮತ್ತೂರಿನ ಪೀಳಮೇಡಿನಲ್ಲಿ ಒಂದು ಪಂಪು ಕಾರ್ಖಾನೆ. ಎದುರಿನ ಟೀ ಅಂಗಡಿಯ ರೇಡಿಯೊದಲ್ಲಿ ದೇವರ ಹಾಡು ಇನ್ನೂ ಮುಗಿದಿಲ್ಲ. ಒಳಗೆ, ಹೆಂಗಸರು ಮೋಟಾರಿಗೆ ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿ ಒಂದೇ ಸಾಲು ದೀಪ ಹೊತ್ತಿದೆ. ಪದ್ಮಾಕ್ಷಿ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಮೊದಲ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ನೀಲಿ ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಎರಡು ಸಲ ಒತ್ತಿ, ತೆರೆದ ಪುಟ್ಟ ಚೌಕದಲ್ಲಿ ತಮ್ಮ ಹೆಸರು ಟೈಪು ಮಾಡಿ ಅವರು ಒಳಹೋಗುತ್ತಾರೆ. ಆಮೇಲೆ ತುಟಿ ಅಲುಗತೊಡಗುತ್ತದೆ.

"ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್... ವಿನ್‌ಲಾಗನ್, ಸ್ಪೆಷಲ್ ಅಕೌಂಟ್ಸ್, ಯೂಸರ್‌ಲಿಸ್ಟ್."

ದೂರದಿಂದ ಕೇಳಿದವರಿಗೆ ಇದು ಯಾವುದೋ ಸ್ತೋತ್ರದಂತೆಯೇ ಕೇಳುತ್ತದೆ. ಯಂತ್ರದೊಳಗೆ ಒಂದೊಂದೇ ಬಾಗಿಲು ತೆರೆಯುತ್ತ ಹೋಗುವ ದಾರಿ ಅದು. ಕೊನೆಯ ಬಾಗಿಲಲ್ಲಿ ಒಂದು ಪಟ್ಟಿ. ಅಲ್ಲಿ ಹೆಸರೊಂದನ್ನು ಬರೆದು ಮುಂದೆ ಸೊನ್ನೆ ಇಟ್ಟರೆ, ಆ ಹೆಸರು ನೀಲಿ ಪರದೆಯಿಂದ ಮರೆಯಾಗುತ್ತದೆ. ಒಂದು ಎಂದು ಇಟ್ಟರೆ ಮತ್ತೆ ಕಾಣುತ್ತದೆ. ಹದಿನಾಲ್ಕು ಕಂಪ್ಯೂಟರು, ಒಟ್ಟು ನೂರ ಹನ್ನೆರಡು ಹೆಸರು. ಆರು ಗಂಟೆಗೆ ಮೊದಲ ಪಾಳಿ ಶುರುವಾಗುವ ಮುನ್ನ, ಆ ಪಾಳಿಯವರ ಹೆಸರನ್ನಷ್ಟೇ ಉಳಿಸಿ ಮಿಕ್ಕವನ್ನು ಮರೆಗಿಡಬೇಕು. ಮಧ್ಯಾಹ್ನ ಎರಡಕ್ಕೆ ಎರಡನೇ ಪಾಳಿ. ಆಗ ಇದೇ ಕೆಲಸ, ತಿರುಗುಮುರುಗಾಗಿ.

"ಅಳಿಸಿಬಿಟ್ರೆ ಸುಲಭ ಅಂತಾರೆ ಎಲ್ರೂ. ಅಳಿಸಿದ್ರೆ ಅವರು ಬರೆದಿಟ್ಟಿದ್ದೆಲ್ಲಾ ಹೋಗ್ತದೆ. ಒಂದ್ಸಲ ನಾನೇ ಹಂಗೆ ಮಾಡಿ, ಮೂರು ತಿಂಗಳ ಲೆಕ್ಕ ಪೋಯೇ ಪೋಚ್ಚು! ಮರೆ ಮಾಡಿದ್ರೆ ಒಳಗೆ ಹಾಗೇ ಇರ್ತದೆ, ಕಣ್ಣಿಗೆ ಮಾತ್ರ ಇಲ್ಲ" ಎಂದು ನಗುತ್ತಾರೆ. ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಕನ್ನಡದ ಮನೆಯವರು. ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ತಾಯಿ ಹಾಡಿಕೊಂಡು ಕಲಿಸಿದ ದೇವರನಾಮಗಳೆಲ್ಲ ಕಿವಿಯಿಂದಲೇ ಬಂದವು.

ಕಂಪ್ಯೂಟರಿನ ಕೆಲಸವೂ ಹಾಗೆಯೇ ಬಂತು. ಹದಿನೇಳು ವರ್ಷ ಪದ್ಮಾಕ್ಷಿ ಇದೇ ಕಾರ್ಖಾನೆಯ ಟೆಲಿಫೋನ್ ಆಪರೇಟರ್. 2003ರಲ್ಲಿ ಎಲ್ಲ ಮೇಜಿಗೂ ನೇರ ಫೋನು ಬಂದು ಅವರ ಕುರ್ಚಿ ಖಾಲಿಯಾಯಿತು. ಕಂಪ್ಯೂಟರು ಕಲಿಯಿರಿ, ಇಲ್ಲವೇ ಮನೆಗೆ ಹೋಗಿ ಎಂದರು. ಆಗ ಅವರಿಗೆ ನಲವತ್ತೊಂದು. ಕಾರ್ಖಾನೆಯಲ್ಲಿದ್ದ ದಾವಣಗೆರೆಯ ಎಂಜಿನಿಯರ್ ಅರವಿಂದ್, ಬಿಡುವಾದಾಗೆಲ್ಲ ತನ್ನ ಮೇಜಿನಿಂದಲೇ ಫೋನಿನಲ್ಲಿ ಹೇಳಿಕೊಟ್ಟ. "ಬರಕೊಳ್ಳಿ ಮೇಡಂ ಅಂತಿದ್ದ. ನಾನು, ಬೇಡಪ್ಪಾ, ನೀನು ಎರಡು ಸಲ ನಿಧಾನ ಹೇಳು, ನನಗೆ ಬಾಯಿಗೆ ಬಂದ್ಬಿಡ್ತದೆ ಅಂದೆ. ಆಮೇಲೆ ಅವನೇ ಮರೆತಾಗ ನನ್ನ ಕೇಳ್ತಿದ್ದ!"

ಇವತ್ತು ಹನ್ನೆರಡನೇ ಕಂಪ್ಯೂಟರಿನ ಮುಂದೆ ಅವರು ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದು ಮೋಟಾರು ಪರೀಕ್ಷೆಯ ಮೇಜಿನದು. ಬೆಳಗಿನ ಪಾಳಿಯಲ್ಲಿ ಅಲ್ಲಿ ಕೂರುವವರು ಲಕ್ಷ್ಮಿಯಮ್ಮಾಳ್ ಒಬ್ಬರೇ. ವಯಸ್ಸು ಐವತ್ತೆರಡು. ಸುತ್ತಿದ ತಂತಿಯ ಮೇಲೆ ಬೆರಳಾಡಿಸಿ ಎಲ್ಲಿ ಸಡಿಲವಿದೆ ಎಂದು ಹೇಳಬಲ್ಲವರು. ಆದರೆ ಅಕ್ಷರ ಬಾರದು, ಮೌಸ್ ಹಿಡಿದರೆ ಕೈ ಜಾರುತ್ತದೆ. ಪರದೆಯಲ್ಲಿ ಹನ್ನೊಂದು ಹೆಸರು ಒತ್ತೊತ್ತಾಗಿ ಇದ್ದಾಗ, ತಮ್ಮದರ ಕೆಳಗಿದ್ದ ಎರಡನೇ ಪಾಳಿಯ ರುಕ್ಮಣಿಯ ಹೆಸರಿನ ಮೇಲೆ ಒತ್ತಿದ್ದೇ ಹೆಚ್ಚು. ಪಾಸ್‌ವರ್ಡ್ ಇಲ್ಲದ್ದರಿಂದ ತಡೆಯೂ ಇರಲಿಲ್ಲ; ಇವರು ನೋಡಿದ ಮೋಟಾರಿನ ಲೆಕ್ಕ ಅವಳ ಹೆಸರಿಗೆ ಬೀಳುತ್ತಿತ್ತು. ಧಾರಾಪುರಂ ಕಡೆಯ ಒಂದು ಬಾವಿಯಿಂದ ಸುಟ್ಟ ಮೋಟಾರು ವಾಪಸು ಬಂದಾಗ, ಅದನ್ನು ಮುಟ್ಟಿಯೂ ನೋಡದ ರುಕ್ಮಣಿ ಬೈಸಿಕೊಂಡಳು. ಲಕ್ಷ್ಮಿಯಮ್ಮಾಳ್ ತಾವೇ ಹೋಗಿ, "ಅದು ನಾನು ನೋಡಿದ್ದು ಸಾರ್" ಎಂದರು. ಮೇಲ್ವಿಚಾರಕ ವೆಂಕಟಾಚಲಂ ಒಂದು ತಿಂಗಳ ಗಡುವು ಕೊಟ್ಟರು. ಇನ್ನೊಂದು ಸಲ ಹೆಸರು ತಪ್ಪಿದರೆ ಪರೀಕ್ಷೆಯ ಮೇಜು ಬಿಟ್ಟು ಪ್ಯಾಕಿಂಗಿಗೆ. ಅಂದಿನಿಂದ ಪದ್ಮಾಕ್ಷಿ ಬೆಳಿಗ್ಗೆ, ಮಿಕ್ಕವುಗಳಂತೆ, ಆ ಪರದೆಯಲ್ಲೂ ಹತ್ತು ಹೆಸರು ಮರೆಗಿಟ್ಟು ಒಂದನ್ನೇ ಉಳಿಸುತ್ತಾರೆ.

ಆ ಗಡುವು ಮುಗಿಯುವುದು ಇವತ್ತು. ಆರಕ್ಕೆ ಐದು ನಿಮಿಷವಿರುವಾಗ ವೆಂಕಟಾಚಲಂ ಕಾಗದದ ಕಟ್ಟು ಹಿಡಿದು ಬರುತ್ತಾರೆ. ಕೆಲಸದ ಇಪ್ಪತ್ತಾರು ದಿನ, ಒಂದು ತಪ್ಪೂ ಇಲ್ಲ. ಆದರೂ ಅವರ ಹುಬ್ಬು ಸಡಿಲವಾಗುವುದಿಲ್ಲ.

"ಎಲ್ಲಾ ಸರಿ. ಒಂದೇ ಹೆಸರಿದ್ರೆ ಯಾರು ಬೇಕಾದ್ರೂ ಒತ್ತಬಹುದು. ಪದ್ಮಾಮ್ಮಾ ಜ್ವರ ಬಂದು ಮಲಗಿದ್ರೆ ಆವತ್ತು ಏನು ಮಾಡ್ತೀರಿ?"

ಪ್ರಶ್ನೆ ನ್ಯಾಯವಾದದ್ದೇ.

ಅಷ್ಟರಲ್ಲಿ ಬಂದು ನಿಂತಿದ್ದ ಲಕ್ಷ್ಮಿಯಮ್ಮಾಳ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂಗಿಯನ್ನು ಕರೆಯುವಂತೆ ಪದ್ಮಾಕ್ಷಿಯನ್ನು ಕರೆಯುತ್ತಾರೆ. "ಅಮ್ಮಿಣಿ, ಎಲ್ಲಾ ಹೆಸರೂ ತಿರುಗಿ ಹಾಕು. ಈಗಲೇ. ಸಾರ್ ನೋಡಲಿ."

"ಅಕ್ಕಾ, ವೇಂಡಾ, ಬೇಡ" ಎಂದು ಪದ್ಮಾಕ್ಷಿ ಮೆಲ್ಲಗೆ ಹೇಳುತ್ತಾರೆ.

"ಹಾಕಮ್ಮಿಣಿ. ತಿಂಗಳು ಪೂರ್ತಿ ಅದೊಂದನ್ನೇ ನೋಡಿದ್ದೀನಿ. ಗುಂಪಿನಲ್ಲಿ ನಿಂತರೆ ನನ್ನ ಮಗುವಿನ ಮುಖ ನನಗೆ ಗೊತ್ತಾಗಲ್ವಾ?"

ಪದ್ಮಾಕ್ಷಿ ಕೂರುತ್ತಾರೆ. ಈ ಸಲ ಬಾಯಲ್ಲಿ ಸ್ತೋತ್ರವಿಲ್ಲ. ಒಂದೊಂದೇ ಹೆಸರು ಪಟ್ಟಿಯಲ್ಲಿ ತಿದ್ದಿ ಹೊರಬರುತ್ತಾರೆ. ನೀಲಿ ಪರದೆ ತುಂಬ ಹನ್ನೊಂದು ಹೆಸರು. ಲಕ್ಷ್ಮಿಯಮ್ಮಾಳ್ ಮೌಸಿನ ಮೇಲೆ ಕೈಯಿಡುತ್ತಾರೆ. ಬಾಣದ ಗುರುತು ರುಕ್ಮಣಿಯ ಹೆಸರಿಗೆ ಇಳಿಯುತ್ತದೆ. ಪದ್ಮಾಕ್ಷಿ ಕಣ್ಣು ಮುಚ್ಚುತ್ತಾರೆ.

"ಅದು ಅವಳದು. ಉದ್ದ ಇಲ್ಲ" ಎಂದು ಲಕ್ಷ್ಮಿಯಮ್ಮಾಳ್ ತಮಗೆ ತಾವೇ ಹೇಳಿಕೊಂಡು, ಬಾಣವನ್ನು ಒಂದು ಸಾಲು ಮೇಲಕ್ಕೆ ತಂದು, ಬೆರಳು ಒತ್ತುತ್ತಾರೆ.

ತೆರೆದದ್ದು ಅವರದೇ ಪುಟ.

ವೆಂಕಟಾಚಲಂ ಮೊದಲ ಹಾಳೆಯ ಕೆಳಗೆ ಸಹಿ ಹಾಕಿ, "ಇಲ್ಲೇ ಇರಿ. ಪ್ಯಾಕಿಂಗಿನವರಿಗೆ ನಿಮ್ಮ ಬಾಯಿ ತಾಳೋ ಶಕ್ತಿ ಇಲ್ಲ" ಎನ್ನುತ್ತಾರೆ. "ಸರಿಂಗ ಸಾರ್, ಹಾಗಾದ್ರೆ ಆ ಶಕ್ತಿ ನಿಮಗೇ ಇರಲಿ" ಎಂದು ಲಕ್ಷ್ಮಿಯಮ್ಮಾಳ್ ಉತ್ತರ ಕೊಟ್ಟಾಗ ತಂತಿ ಸುತ್ತುವ ಸಾಲಿಗೆ ಸಾಲೇ ನಗುತ್ತದೆ. ಸೈರನ್ ಕೂಗುತ್ತದೆ.

ಹನ್ನೆರಡನೇ ಕಂಪ್ಯೂಟರಿಗೆ ನಾಳೆಯಿಂದ ಬೆಳಗಿನ ಕೆಲಸವಿಲ್ಲ. ಬೇಸರವೇ ಎಂದು ಕೇಳಿದರೆ ಪದ್ಮಾಕ್ಷಿ ಇಲ್ಲವೆಂದು ತಲೆಯಾಡಿಸುತ್ತಾರೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಿಕ್ಕ ಸಾಲನ್ನು ನೋಡುತ್ತ ಹೇಳುತ್ತಾರೆ:

"ಬೇಸರ ಏನು! ಇನ್ನೂ ಹದಿಮೂರು ಇದಾವಲ್ಲ. ಅಲ್ಲಿ ಕೂರೋರೂ ಒಂದೊಂದು ದಿನ ಬಂದು, ಪದ್ಮಾ, ಇನ್ನು ನೀನು ಬೇಡ ಅನ್ನಲಿ. ನಾನು ರಿಟೈರ್ ಆಗೋದ್ರೊಳಗೆ ಅಷ್ಟು ಕೇಳಿಸಿಕೊಂಡ್ರೆ ಸಾಕು."