ಅಜ್ಜಿ ಕುಡಿಯದ ಬಟ್ಟಲು

ಕಳೆದ ಭಾನುವಾರ ರಾಯಚೂರಿನ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ಗುಟುಕು ಕುಡಿಯುವ ಕರ್ತನ ಭೋಜನದ ಬಟ್ಟಲು ನಮ್ಮ ಸಾಲಿಗೆ ಬರುವ ಮೊದಲೇ ಅದರ ವಾಸನೆ ಬಂತು. ಕರಿ ದ್ರಾಕ್ಷಿ, ಲವಂಗ. ಅಷ್ಟಕ್ಕೇ ನಾನು ಮಾನ್ವಿ ಕಡೆಯ ಕುರ್ಡಿ ಹಳ್ಳಿಯಲ್ಲಿ, ಅಜ್ಜಿಯ ಒಲೆಯ ಮುಂದೆ ಕೂತಿದ್ದೆ.

ಊರಿನ ಪ್ರಾರ್ಥನಾ ಮಂದಿರಕ್ಕೆ ದ್ರಾಕ್ಷಿ ರಸ ಕುದಿಸುವವಳು ಅಜ್ಜಿಯೇ. ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ತೊಳೆದುಕೊಳ್ಳುತ್ತಿದ್ದಳು. ಆರಾಧನೆಯಲ್ಲಿ ಬಟ್ಟಲು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದವರಿಗೆ ದಾಟಿಸುತ್ತಿದ್ದಳು.

ಯಾಕೆಂದು ಕೇಳಿದ್ದಕ್ಕೆ, "ಜಾಲಹಳ್ಳಿ ತಂಗಿ ಕೂಡ ಮಾತು ಬಿಟ್ಟೀನಿ. ಹೊಟ್ಯಾಗ ಸಿಟ್ಟು ಇಟ್ಕೊಂಡು ಇದನ್ನ ಕುಡದ್ರ ದೇವರ ಸಿಟ್ಟೇ ಒಳಗ ಇಳೀತದ" ಎಂದಳು.

ಮಾತು ಕೂಡುವ ಮೊದಲೇ ಆ ತಂಗಿ ತೀರಿಕೊಂಡಳು. ಪಾಸ್ಟರ್ ಮನೆಗೆ ಬಂದು ಹೇಳಿದರು: "ಯವ್ವಾ, ನಮ್ಮ ಪಾಪದ ಮ್ಯಾಲಿನ ದೇವರ ಸಿಟ್ಟನ್ನ ಯೇಸುಸ್ವಾಮಿ ಶಿಲುಬಿ ಮ್ಯಾಲ ತಾನೇ ಕುಡದು ಮುಗಿಸ್ಯಾನ. ನಿಮಗ ಉಳಿಸಿಲ್ಲ. ಬಟ್ಟಲ ತೊಗೋರಿ."

ಅಜ್ಜಿ ಕೆಂಡ ಕೆದಕುತ್ತಲೇ ಅಂದಳು: "ಆತ ಕುಡದಾನ್ರಿ, ನಂಬೀನಿ. ಆದ್ರ ನನ್ನ ತಂಗಿ ಬಿಸಲಾಗ ಈ ಬಾಗಲಿಗೆ ಬಂದು ನಿಂತಾಗ ನಾ ನೀರು ಕೊಡಲಿಲ್ಲ. ಆಕಿ ಕುಡೀದ ಹೋದ್ಲು."

ಅಜ್ಜಿ ಸಾಯುವವರೆಗೂ ರಸ ಕುದಿಸಿದಳು, ಕುಡಿಯಲಿಲ್ಲ.

ಭಾನುವಾರ ಬಟ್ಟಲು ನನ್ನ ಕೈಗೆ ಬಂದಾಗ ದೇವದುರ್ಗದ ನನ್ನ ಅಕ್ಕ ನೆನಪಾದಳು. ಅವಳು ಫೋನ್ ಮಾಡಿದರೆ ನಾನು ಎತ್ತುವುದನ್ನು ಬಿಟ್ಟು ಬಹಳ ದಿನವಾಗಿದೆ. ಬಟ್ಟಲನ್ನು ಪಕ್ಕದವರಿಗೆ ದಾಟಿಸಿದ ಮೇಲೆ ಗೊತ್ತಾಯಿತು, ನನ್ನ ಸೆರಗು ಬಾಯಿಯ ಮೇಲಿತ್ತು.