ದೇವದುರ್ಗದವರು ನೋಡದ ಹತ್ತು ನಿಮಿಷ

ಕಲಾಕೃತಿಯೊಂದರ ಆತ್ಮ ಅಡಗಿರುವುದು ಅದರ ಅಂತ್ಯದಲ್ಲಿ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರಿಗೆ ದೇವದುರ್ಗದ ಬಸ್ಸು ಹಿಡಿಯುವ ತಾಪತ್ರಯ ಇದ್ದಂತಿಲ್ಲ.

ನಮ್ಮ ಕಾಲದಲ್ಲಿ ರಾಯಚೂರಿನ ಟಾಕೀಸಿನಲ್ಲಿ ಮ್ಯಾಟ್ನಿ ಮುಗಿಯಲು ಇನ್ನೂ ಹತ್ತು ನಿಮಿಷ ಇರುವಾಗಲೇ ನಮ್ಮೂರಿಗೆ ಆ ದಿನದ ಕೊನೆಯ ಬಸ್ಸು ಹೊರಡುತ್ತಿತ್ತು. ಕಂಡಕ್ಟರ್ ದಯಾವಂತ. ಟಾಕೀಸಿನ ಬಾಗಿಲಿಗೇ ಬಂದು, ತಾನೂ ಎರಡು ನಿಮಿಷ ನಿಂತು ನೋಡಿ, "ದೇವದುರ್ಗದವ್ರು ಏಳ್ರೀ!" ಎಂದು ಕೂಗುತ್ತಿದ್ದ. ನಾಯಕನ ಎದೆಗೆ ಚೂರಿ ಬಂದಿರಲಿ, ನಾಯಕಿ ಬಾವಿಕಟ್ಟೆ ಹತ್ತಿರಲಿ, ನಾವು ಏಳುತ್ತಿದ್ದೆವು. ಮಾನ್ವಿಯ ಬಸ್ಸು ಅರ್ಧ ಗಂಟೆ ತಡ. ಮಾನ್ವಿಯವರು ಕಾಲು ಚಾಚಿ ಕೂತೇ, "ಹೋಗ್ರಿ ಹೋಗ್ರಿ, ಮುಂದಿನ ವಾರ ಹೇಳ್ತೀವಿ" ಅನ್ನುತ್ತಿದ್ದರು. ಹೇಳಿದವರು ಒಬ್ಬರೂ ಇಲ್ಲ.

ಹೀಗೆ ನಾನೂ ನಮ್ಮಣ್ಣನೂ ಎಷ್ಟೋ ಚಿತ್ರಗಳನ್ನು ನಡುನೀರಿನಲ್ಲಿ ಕೈಬಿಟ್ಟು ಬಂದೆವು. ಅವುಗಳಲ್ಲಿ ಒಂದು ಮಾತ್ರ ಅಣ್ಣನನ್ನು ಬಿಡಲಿಲ್ಲ. ಕಪ್ಪುಬಿಳುಪಿನದು, ಹೊಳೆಯ ಪ್ರವಾಹದಲ್ಲಿ ತಪ್ಪಿಹೋದ ತಂಗಿಯನ್ನು ಒಬ್ಬ ಊರೂರು ಅಲೆದು ಹುಡುಕುವ ಕಥೆ. ಆ ತಂಗಿ ಸಿಕ್ಕಳೋ ಇಲ್ಲವೋ ಎಂಬುದನ್ನು ಅಣ್ಣ ತನ್ನ ಮದುವೆಯ ದಿನವೂ ಬೀಗರ ಪೈಕಿ ಒಬ್ಬರನ್ನು ಕೇಳಿದ್ದ. ಅವರು ಬರೀ ಪೌರಾಣಿಕ ನೋಡುವವರು.

ಮುಂದೆ ರಾಯಚೂರಿನ ಸ್ಟೇಷನ್ ಹತ್ತಿರ ವಿಡಿಯೊ ಗೇಮಿನ ಅಂಗಡಿ ಬಂತು. ಅಷ್ಟರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಅಣ್ಣ ಮೀಸೆ ಸಮೇತ ಅಲ್ಲಿ ಕುಳಿತು ಪುಟ್ಟ ವಿಮಾನ ಹಾರಿಸುತ್ತಿದ್ದ. ಎಷ್ಟು ಶತ್ರುಗಳನ್ನು ಕೊಂದರೂ ಇನ್ನಷ್ಟು ಮಂದಿ, ಇನ್ನೂ ಜೋರಾಗಿ ಬರುತ್ತಿದ್ದರು.

"ಇದು ಛಲೋ ಅದಲೇ. ಇದಕ್ಕ ಕೊನಿನೇ ಇಲ್ಲ. ಯಾವಾಗ ಎದ್ದು ಹೋದ್ರೂ ನುಕ್ಸಾನಿಲ್ಲ" ಅಂದ.

ಇಷ್ಟು ಖಚಿತವಾದ ತತ್ವವನ್ನು ನಾನು ಯಾವ ಮಠದಲ್ಲೂ ಕೇಳಿಲ್ಲ. ಆದರೆ ವಾಪಸು ಬರುವಾಗ ಅಣ್ಣ ಮತ್ತೆ ಆ ತಂಗಿಯ ಮಾತೇ ತೆಗೆದ.

ನಿವೃತ್ತನಾಗಿ ಆತ ಮಾನ್ವಿಯಲ್ಲೇ ಮನೆ ಮಾಡಿದ. ಹೋದ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಹೋಯಿತು. ಇನ್ನೊಂದೂ ಬಹಳ ದಿನದ್ದಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಣ್ಣ ನನ್ನ ತೋಳು ಹಿಡಿದ.

"ಇದು ಹೋಗೂದ್ರಾಗ ಆ ಹುಡುಗಿ ಸಿಕ್ಳೋ ಇಲ್ಲೋ ನೋಡಿಬಿಡಬೇಕಲೇ ತಮ್ಮಾ."

ಎಂಟು ತಿಂಗಳು ಮೊಬೈಲು ತಿಕ್ಕಿದೆ. ಯಾರೋ ಪುಣ್ಯಾತ್ಮರು ಇಡೀ ಚಿತ್ರ ಹಾಕಿದ್ದರು. ಮಾನ್ವಿಗೆ ಹೋಗಿ ಟಿವಿಗೆ ಜೋಡಿಸಿದೆ. ಎರಡು ಗಂಟೆಗೂ ಮೀರಿ ಅಣ್ಣ ನಟರಿಗಿಂತ ಮೊದಲೇ ಮಾತು ಹೇಳುತ್ತಾ ಕುಳಿತ. ಆತ ನೋಡುತ್ತಿದ್ದಾನೆಂದೇ ನಾನು ತಿಳಿದಿದ್ದೆ. ಆಮೇಲೆ ನಾವು ಕಾಣದ ಭಾಗ ಬಂತು. ಅದರಲ್ಲಿ ಮಾತೇ ಇಲ್ಲ. ಬರೀ ಹೊಳೆ, ದೋಣಿ, ಪಿಟೀಲು.

"ಸಿಕ್ಳೇನಲೇ?"

"ಇಲ್ಲಣ್ಣಾ."

"ಸತ್ಲಾ?"

"ಇಲ್ಲ. ಹೊಳಿ ದಂಡಿಮ್ಯಾಗ ಇವನ ಬಾಜೂಕೇ ಹಾದು ಹೋದ್ಲು. ಇವ ಬ್ಯಾರೆ ಕಡಿ ನೋಡಾಕತ್ತಿದ್ದ."

"ಎಂಥ ಹುಚ್ಚ ಇದ್ದಾನಲೇ ಇವ. ಹಿಂದಕ್ಕ ಹಾಕು, ನಾ ನೋಡ್ತೀನಿ."

ಹಾಕಿದೆ. ಆತ ಕುರ್ಚಿ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕುಳಿತ. ಮೂರು ಸಲ ಹಾಕಿದೆ. ಅಣ್ಣನಿಗೆ ಕಾಣಲಿಲ್ಲ.