ಕೂಗಿದವರನ್ನು ದಾಟಿಸುವವಳು

ಮರನ್ಯೋನ್ ನದಿಯ ಆ ಕಡವಿನಲ್ಲಿ ನಲವತ್ತು ವರ್ಷ ತೆಪ್ಪ ನಡೆಸಿದವಳು ಸೆನೋಬಿಯಾ ಕೊತ್ರಿನಾ. ಬಾಯಿ ಕೆಟ್ಟದ್ದು, ತೋಳು ಗಟ್ಟಿ. ಅಪ್ಪನಿಂದ ಬಂದದ್ದು ಊರಿಗಿದ್ದ ಆ ಒಂದೇ ತೆಪ್ಪ, ಜೊತೆಗೊಂದು ನೇಮ: ಆಚೆ ದಡದಲ್ಲಿ ನಿಂತು ಕೂಗಿದವನು ಹಗೆಯಾದರೂ ಸರಿ, ದಾಟಿಸಬೇಕು. ಸ್ವಂತ ತಮ್ಮನನ್ನು ಕಡಿದು ಕೊಂದವನನ್ನೂ ಒಮ್ಮೆ ದಾಟಿಸಿದ್ದಳು, ಈ ದಡದಿಂದ ಆ ದಡದವರೆಗೆ ಬೈದುಕೊಂಡೇ. ತಮ್ಮನ ಹೆಂಡತಿ ಎರ್ಮೆಲಿಂದಾ ಅದನ್ನು ಕ್ಷಮಿಸಿರಲಿಲ್ಲ.

ಅಂಥ ಗಟ್ಟಿಗಿತ್ತಿಯೂ ಮೋಸ ಹೋದಳು. ಅಣೆಕಟ್ಟಿನ ಕಂಪನಿಯವರು ಶಾಲೆಯಲ್ಲಿ ಸಭೆ ಕರೆದು ಕೋಳಿ ಅನ್ನ ಬಡಿಸಿದರು. ಉಣ್ಣುವ ಮೊದಲು ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿ ಎಂದರು. ಊಟಕ್ಕೆ ಬಂದವರ ಪಟ್ಟಿ ಇರಬೇಕೆಂದುಕೊಂಡು ಎಲ್ಲರೂ ಒತ್ತಿದರು. ಮೊದಲು ಒತ್ತಿದವಳು ಸೆನೋಬಿಯಾ. ತಿಂಗಳು ಕಳೆಯುವುದರೊಳಗೆ ಅವೇ ಹೆಬ್ಬೆಟ್ಟುಗಳು ಕಣಿವೆ ಮುಳುಗಿಸಲು ಊರು ಕೊಟ್ಟ ಒಪ್ಪಿಗೆಯಾದವು. ಅನ್ನ ಹಾಕಿ ಕತ್ತು ಕೊಯ್ಯುವ ಈ ಹಲ್ಕಾಗಳನ್ನು ಏನೆಂದು ಬೈಯೋಣ! ತಾವೂ ಒತ್ತಿದ್ದನ್ನು ಮರೆತ ಊರವರು, ಒಂದು ತಟ್ಟೆ ಅನ್ನಕ್ಕೆ ನದಿ ಮಾರಿದವಳೆಂದು ಅವಳನ್ನೇ ಹಂಗಿಸಿದರು.

ಒಂದು ಬೆಳಿಗ್ಗೆ ಬಂಡೆ ಕೊರೆಯುವ ಯಂತ್ರ ಹೊತ್ತ ಹೇಸರಗತ್ತೆಗಳು ಆಚೆ ದಡಕ್ಕೆ ಬಂದವು. ಜೊತೆಗೆ ಅನ್ನ ಬಡಿಸಿದ್ದ ಅದೇ ಇಂಜಿನಿಯರು. ಕೊರೆಯಬೇಕಾದ ಬಂಡೆ ಈಚೆಗಿತ್ತು. ಸೇತುವೆ ಮೂರು ದಿನದ ದಾರಿ, ಅಲ್ಲಿಂದ ಈಚೆ ದಡದ ಕಡಿದಾದ ಕಾಲುದಾರಿಯಲ್ಲಿ ಯಂತ್ರ ಹೊತ್ತ ಹೇಸರಗತ್ತೆ ಬರುವಂತಿರಲಿಲ್ಲ. ತೆಪ್ಪ ತಾ ಅಜ್ಜಿ ಎಂದು ಅವನು ಕೂಗಿದ.

ಊರಿಗೆ ಊರೇ ದಡಕ್ಕೆ ಬಂತು. ದಾಟಿಸಿದರೆ ಕಣಿವೆ ಹೋಯಿತು. ದಾಟಿಸದಿದ್ದರೆ ಅಪ್ಪನ ಮಾತು ಮಣ್ಣುಪಾಲು.

"ಹೋಗು ಅತ್ತಿಗೆ, ನಿನ್ ಅನ್ನದ ಧಣಿ ಕರೀತಾವ್ನೆ," ಎಂದಳು ಎರ್ಮೆಲಿಂದಾ.

ಸೆನೋಬಿಯಾ ನೀರಿಗಿಳಿದಳು. ಸೊಂಟದ ಮಚ್ಚು ಹಿರಿದು, ತೆಪ್ಪದ ದಿಮ್ಮಿಗಳನ್ನು ಬಿಗಿದ ಹಗ್ಗಗಳನ್ನು ಒಂದೊಂದಾಗಿ ಕಡಿದಳು. ಏಳೂ ದಿಮ್ಮಿಗಳು ಬಿಡಿಬಿಡಿಯಾಗಿ ಹೊಳೆಯ ಪಾಲಾದವು. ಆಮೇಲೆ ಆಚೆಗೆ ಕೇಳುವಂತೆ ಕೂಗಿದಳು:

"ತೆಪ್ಪ ಇದ್ದೋರು ದಾಟಿಸ್ಬೇಕು ಅಂದಿದ್ದ ನಮ್ಮಪ್ಪ. ನನ್ ಹತ್ರ ತೆಪ್ಪ ಇಲ್ಲ ಕಣೋ."

"ನಿನ್ ಕೋಕೋ ತೋಟ ಆಚೆ ಐತಲ್ಲ ಅತ್ತಿಗೆ," ಎಂದಳು ಎರ್ಮೆಲಿಂದಾ.

ಯಂತ್ರ ಬಂದ ದಾರಿಯಲ್ಲೇ ಹಿಂದೆ ಹೋಯಿತು. ಸೆನೋಬಿಯಾ ಮತ್ತೆ ತೆಪ್ಪ ಕಟ್ಟಲಿಲ್ಲ. ಕಟ್ಟಿದರೆ ಕೂಗಿದವನನ್ನು ದಾಟಿಸಬೇಕಲ್ಲ. ಆ ವರ್ಷ ಅವಳ ತೋಟದ ಹಣ್ಣನ್ನೆಲ್ಲ ಗಿಳಿಗಳು ತಿಂದವು. ದಿನಾ ಈಚೆ ದಡದಲ್ಲಿ ಕೂತು ಅವನ್ನು ಬೈಯುತ್ತಿದ್ದಳು. ಪಕ್ಕದಲ್ಲಿ ಕೂತು ಎರ್ಮೆಲಿಂದಾಳೂ ಬೈಯುತ್ತಿದ್ದಳು.